ನಿಷೇಧಿತ ಪೆಟ್ಟಿಗೆ ಮತ್ತೆ ಚಾಲೂ ಆದ ದಿನ

ಹೊರದೇಶದ ಆ ಕಂಪನಿಯ ಯಂತ್ರಗಳನ್ನೆಲ್ಲ ನಮ್ಮ ಟವರ್‌ಗಳಿಂದ ತೆಗೆಯಬೇಕು ಎಂಬ ಆದೇಶ ಹೊಸಪೇಟೆಯ ನಮ್ಮ ಕಚೇರಿಗೆ ತಲುಪುವ ಮೊದಲೇ ಪತ್ರಿಕೆಗಳಲ್ಲಿ ಬಂದುಬಿಟ್ಟಿತ್ತು. ಗಡಿಯಲ್ಲಿ ಶುರುವಾದ ಎರಡು ದೇಶಗಳ ಮನಸ್ತಾಪ ವ್ಯಾಪಾರಕ್ಕೆ ಇಳಿದು, ಅಲ್ಲಿಂದ ಮೊಬೈಲ್ ಜಾಲಕ್ಕೆ ಬಂದಿತ್ತು. ಆ ಯಂತ್ರಗಳ ಒಳಗೆ ಕಳ್ಳಬಾಗಿಲು ಇದೆ, ನಮ್ಮ ಜನ ಯಾರಿಗೆ ಎಷ್ಟು ಹೊತ್ತು ಮಾತಾಡಿದರು ಎಂಬುದು ಅದರ ಮೂಲಕ ಹೊರಗೆ ಹೋಗಬಹುದು ಎಂಬ ಅನುಮಾನ. ಬೇರೆ ದೇಶಗಳೂ ಅದೇ ಅನುಮಾನದಲ್ಲಿ ಅದೇ ಕೆಲಸ ಶುರು ಮಾಡಿದ್ದವು. ಖಾಸಗಿ ಕಂಪನಿಗಳಿಗೆ ಸಮಯ ಕೊಟ್ಟರು. ನಮ್ಮದು ಸರ್ಕಾರದ ಕಂಪನಿ, ನಾವು ಮೊದಲು ಮಾಡಿ ತೋರಿಸಬೇಕಿತ್ತು.

ಅನುಮಾನ ನಿಜವೋ ಸುಳ್ಳೋ ಎಂದು ಹೇಳುವಷ್ಟು ನನಗೆ ಗೊತ್ತಿಲ್ಲ. ಆಗಲೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು: ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರು ಭಾಗದ ಟವರ್‌ಗಳಲ್ಲಿ ಹೆಚ್ಚಿನವು ಆ ಕಂಪನಿಯ ಯಂತ್ರಗಳ ಮೇಲೆಯೇ ನಡೆಯುತ್ತಿದ್ದವು, ಮತ್ತು ಅವುಗಳ ಹೊಣೆ ನನ್ನದಾಗಿತ್ತು. ಅವನ್ನು ಕೂಡಿಸುವಾಗ ಆ ದೇಶದ ಒಬ್ಬ ಎಂಜಿನಿಯರ್ ನಮ್ಮಲ್ಲಿಗೆ ಬಂದು ತಿಂಗಳುಗಟ್ಟಲೆ ಇದ್ದ. ಕನ್ನಡ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರತಿ ಕಾರ್ಡನ್ನೂ ಕಿತ್ತು ಕೈಯಲ್ಲಿ ಹಿಡಿದು, ನನ್ನಿಂದ ಮತ್ತೆ ಹಾಕಿಸಿ, ತಪ್ಪಾದರೆ ತಲೆ ಅಲ್ಲಾಡಿಸಿ ಕಲಿಸುತ್ತಿದ್ದ. ಊರಿಗೆ ಹೋದ ಮೇಲೂ ಯಂತ್ರ ಕೈಕೊಟ್ಟಾಗ ಫೋನಿನಲ್ಲಿ ದಾರಿ ಹೇಳುತ್ತಿದ್ದ. ಆದೇಶದ ಜೊತೆಗೆ ಬಂದ ಇನ್ನೊಂದು ಸೂಚನೆಯ ಪ್ರಕಾರ ಆ ಕಂಪನಿಯ ಯಾರೊಂದಿಗೂ ನಾವು ಮಾತಾಡುವಂತಿರಲಿಲ್ಲ. ಅವನ ಸಂದೇಶಗಳಿಗೆ ಉತ್ತರ ಕೊಡುವುದನ್ನು ನಾನು ನಿಲ್ಲಿಸಿದೆ. ಸ್ವಲ್ಪ ದಿನಕ್ಕೆ ಅವೂ ನಿಂತವು.

ಕೆಲಸ ಶುರುವಾಯಿತು. ನಮ್ಮದೇ ದೇಶದಲ್ಲಿ ತಯಾರಾದ ಹೊಸ ಯಂತ್ರಗಳು ಲಾರಿಯಲ್ಲಿ ಬಂದವು. ಹಳೆಯವು ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು. ಹೊಸವು ಚಿಕ್ಕವು, ಹಗುರ, ಅರ್ಧ ಭಾಗ ಟವರ್‌ನ ಮೇಲೆಯೇ ಕೂಡುತ್ತದೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯೊಂದರ ಮಾಳಿಗೆಯ ಮೇಲಿನ ಟವರ್‌ನಿಂದ ಆರಂಭಿಸಿ ಮೆಟ್ರಿ, ಕಮಲಾಪುರ ಎಂದು ಒಂದೊಂದೇ ಮುಗಿಸುತ್ತ ಬಂದೆವು. ಸಂಡೂರಿನ ಗುಡ್ಡದ ಮೇಲಿನವಕ್ಕೆ ಕೈ ಹಚ್ಚಲಾಗಲಿಲ್ಲ. ಮಳೆಗೆ ಅದಿರಿನ ಕೆಂಪು ರಾಡಿಯಲ್ಲಿ ನಮ್ಮ ಜೀಪು ಹತ್ತುತ್ತಿರಲಿಲ್ಲ. ಹಾಗಾಗಿ ಅವಷ್ಟೂ ಹಳೆಯ ಯಂತ್ರದಲ್ಲೇ ಉಳಿದವು. ಅವನ್ನು ನಡೆಸಲೆಂದು ಹೊಸಪೇಟೆಯ ಕಂಟ್ರೋಲ್ ರೂಮಿನಲ್ಲಿದ್ದ ಹಳೆಯ ನಿಯಂತ್ರಣ ಯಂತ್ರವನ್ನೂ ಬಂದ್ ಮಾಡದೆ ಬಿಟ್ಟಿದ್ದೆವು.

ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವಾಗ ಹೊಳೆಸಾಲಿನಲ್ಲಿ ಒಂದು ಹಳ್ಳಿ ಇದೆ. ಅಲ್ಲಿ ನಮ್ಮ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಅಂಗಳದಲ್ಲೇ ಟವರ್. ಹಳ್ಳಿಗೂ ಹೊಳೆಗೂ ನಡುವೆ ಹಂಪಿಯ ಕಡೆಯಿಂದ ಹಬ್ಬಿಕೊಂಡು ಬಂದ ಬಂಡೆಗುಡ್ಡದ ಸಾಲು. ಅದರ ಮರೆಗೆ ಹೊಳೆಯ ತಗ್ಗಿನಲ್ಲಿ ಬೇರೆ ಕಂಪನಿಗಳ ಸಿಗ್ನಲ್ ಸಿಗುತ್ತಿರಲಿಲ್ಲ. ನಮ್ಮ ಟವರ್‌ನ ಒಂದು ಮುಖ ಮಾತ್ರ ಬಂಡೆಗಳ ಸಂದಿಯಿಂದ ಹೊಳೆಯನ್ನೂ, ಹೊಳೆಯ ನಡುವಿನ ಗಡ್ಡೆಯನ್ನೂ ನೋಡುತ್ತಿತ್ತು. ಗಡ್ಡೆಯಲ್ಲಿ ಬಾಳೆ ತೋಟಗಳಿವೆ. ಹೋಗಿಬರುವುದು ಹರಗೋಲಿನಲ್ಲಿ. ಅಲ್ಲಿಗೆ ಕೂಲಿಗೆ ಹೋಗುವವರೆಲ್ಲ ನಮ್ಮ ಸಿಮ್ ಇಟ್ಟುಕೊಂಡಿದ್ದಕ್ಕೆ ಕಾರಣ ದೇಶಪ್ರೇಮವಲ್ಲ, ಆ ಬಂಡೆಗಳು.

ಆ ಟವರ್‌ಗೂ ಹೊಸ ಯಂತ್ರ ಕೂಡಿಸಿದೆವು. ಹಳೆಯ ಪೆಟ್ಟಿಗೆಯ ತಂತಿ ಬಿಚ್ಚಿ, ಬಾಗಿಲಿಗೆ ಸೀಲ್ ಹಾಕಿ, ಕೋಣೆಯ ಮೂಲೆಗೆ ಸರಿಸಿದೆವು. ಅದನ್ನು ಒಯ್ಯಬೇಕಾದ ಗುತ್ತಿಗೆದಾರ ಬಂದಿರಲಿಲ್ಲ. ಟವರ್‌ನ ಮೇಲಿನ ಹಳೆಯ ಆಂಟೆನಾಗಳೂ, ಅವುಗಳ ದಪ್ಪ ಕೇಬಲ್‌ಗಳೂ ಹಾಗೆಯೇ ಜೋತುಬಿದ್ದಿದ್ದವು.

ಆಗಸ್ಟ್ ತಿಂಗಳು. ಜಲಾಶಯ ತುಂಬಿ ಗೇಟುಗಳನ್ನು ತೆರೆದಿದ್ದರು. ಒಂದು ಬೆಳಿಗ್ಗೆ ಆ ಟವರ್ ಸತ್ತಿದೆ ಎಂದು ಕಂಟ್ರೋಲ್ ರೂಮಿನಿಂದ ಫೋನ್ ಬಂತು. ನಾನೂ ನಮ್ಮ ತಂತ್ರಜ್ಞರೂ ಜೀಪಿನಲ್ಲಿ ಹೊರಟೆವು. ಅವರು ಕಂಪ್ಲಿಯವರು, ನಿವೃತ್ತಿಗೆ ಹತ್ತಿರವಾದವರು, ಕಡಿಮೆ ಮಾತಿನವರು. ಕಮಲಾಪುರ ದಾಟುವಾಗ ಹೊಳೆಯ ಕಡೆ ಒಂದು ಆಟೋ ಮೈಕಿನಲ್ಲಿ ಕೂಗುತ್ತ ಹೋಗುತ್ತಿತ್ತು. ಜಲಾಶಯದಿಂದ ಇನ್ನೂ ಹೆಚ್ಚು ನೀರು ಬಿಡುತ್ತಿದ್ದಾರೆ, ಯಾರೂ ಹೊಳೆಗೆ ಇಳಿಯಬಾರದು ಎಂದು.

ಟವರ್‌ನ ಕೋಣೆಯಲ್ಲಿ ಕರೆಂಟು ಇತ್ತು, ಬ್ಯಾಟರಿ ಇತ್ತು, ಹೊಸಪೇಟೆಯಿಂದ ಬರುವ ಫೈಬರ್ ಸರಿಯಾಗಿತ್ತು. ಆದರೂ ಹೊಸ ಯಂತ್ರ ತನ್ನ ಪ್ರಸಾರವನ್ನು ತಾನೇ ನಿಲ್ಲಿಸಿಕೊಂಡು ಕೂತಿತ್ತು. ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಒಂದೇ ದೂರು: ಗಡಿಯಾರ ಇಲ್ಲ. ಈ ಯಂತ್ರಗಳು ಉಪಗ್ರಹದಿಂದ ಸಮಯ ತೆಗೆದುಕೊಳ್ಳುತ್ತವೆ. ಅದಕ್ಕಾಗಿ ಮಾಳಿಗೆಯ ಮೇಲೆ ಅಣಬೆಯಂಥ ಒಂದು ಪುಟ್ಟ ಆಂಟೆನಾ ಇರುತ್ತದೆ. ಸಮಯ ತಪ್ಪಿದರೆ ಕೆಲವು ತಾಸು ಅಂದಾಜಿನ ಮೇಲೆ ನಡೆದು, ಆಮೇಲೆ ಪಕ್ಕದ ಟವರ್‌ಗಳಿಗೆ ತೊಂದರೆಯಾಗಬಾರದೆಂದು ಸುಮ್ಮನಾಗುತ್ತವೆ.

ತಂತ್ರಜ್ಞರು ಮಾಳಿಗೆ ಹತ್ತಿದವರು ಅಲ್ಲಿಂದಲೇ ಕೂಗಿದರು. "ಮೇಡಂ, ಮಂಗ್ಯಾ ಕಿತ್ತಾವ್ರಿ. ವೈರ್ ಒಂದ ಐತಿ, ಅಣಬಿ ಇಲ್ಲ."

ಅಣಬೆ ಹಿತ್ತಲಿನಲ್ಲಿ ಸಿಕ್ಕಿತು. ಕಚ್ಚಿ ಸೀಳಿತ್ತು, ಒಳಗೆ ನೀರು ತುಂಬಿತ್ತು. ಒಣಗಿಸಿ, ತಂತಿ ಸುಲಿದು, ಜೋಡಿಸಿ ನೋಡಿದೆವು. ಒಂದು ಉಪಗ್ರಹವೂ ಕಾಣಲಿಲ್ಲ. ಎಕ್ಸ್‌ಚೇಂಜಿನ ಫೋನಿನಿಂದ ವಿಚಾರಿಸಿದರೆ ಹೊಸಪೇಟೆಯ ಉಗ್ರಾಣದಲ್ಲಿ ಬದಲಿ ಇರಲಿಲ್ಲ. ಬಳ್ಳಾರಿಯಲ್ಲಿ ಇತ್ತು, ಕಳಿಸುತ್ತೇವೆ ಎಂದರು. ಮಧ್ಯಾಹ್ನ ದಾಟಬಹುದಿತ್ತು. ಅಲ್ಲಿಗೆ ನಮ್ಮ ಕೆಲಸ ಕಾಯುವುದಷ್ಟೆ ಆಗಿತ್ತು.

ಆಗ ಅಂಗಳಕ್ಕೆ ಗ್ರಾಮ ಆಡಳಿತಾಧಿಕಾರಿ ಓಡಿಬಂದರು. ಇನ್ನೂ ಎಳೆಯ ವಯಸ್ಸು, ಬೆವರಿಗೆ ಅಂಗಿ ಮೈಗೆ ಅಂಟಿತ್ತು.

"ಮೇಡಂ, ನೆಟ್‌ವರ್ಕ್ ಯಾವಾಗ ಬರ್ತದ್ರಿ? ಗಡ್ಡಿಯೊಳಗ ಮಂದಿ ಅದಾರ್ರಿ."

"ಹೋಗಬ್ಯಾಡ್ರಿ ಅಂತ ಸಾರಿದ್ರಲ್ಲ?"

"ಸಾರೂಕಿಂತ ಮೊದ್ಲ ಹೋಗ್ಯಾರ್ರಿ. ನೀರು ಬಂದ್ರ ಬಾಳಿಗೊನಿ ಹೋಗ್ತಾವ, ಕಡಕೊಂಡು ಬರ್ತೀವಿ ಅಂತ ಹೆಣ್ಮಕ್ಕಳ ಗ್ಯಾಂಗ್ ಮುಂಜಾನೆ ಹೋಗೈತಿ. ಹರಗೋಲಿನವ ಈ ಕಡಿ ಅದಾನ. ಗಡ್ಡಿ ಕೆಳಗಿನ ದಂಡಿ ಆಗಲೇ ಮುಳುಗೈತ್ರಿ. ಮ್ಯಾಲಿನ ಬಂಡೆ ಹತ್ರ ಆದ್ರ ಇನ್ನೂ ಹರಗೋಲು ಹಚ್ಚಬಹುದಂತ. ಆದ್ರ ಅವರಿಗೆ ಗೊತ್ತಿಲ್ಲಲ್ರಿ, ಅವರು ಕೆಳಗ ಬಂದು ನಿಲ್ತಾರ."

"ಹರಗೋಲಿನವರು ಹೋಗಿ ಕರೀಬಹುದಲ್ಲ?"

"ಕೇಳೀನ್ರಿ. ಮ್ಯಾಲಿನ ಬಂಡೆಗೆ ಅವರು ಬಂದು ನಿಂತಿದ್ರ ಹೋಗಿ ತರ್ತೀನಿ, ಹರಗೋಲು ಬಿಟ್ಟು ತೋಟದೊಳಗ ಹುಡುಕ್ಯಾಡೂಕೆ ಹೋದ್ರ ಹರಗೋಲು ಇರಂಗಿಲ್ಲ, ನಾನೂ ಇರಂಗಿಲ್ಲ ಅಂತಾನ. ಅವನ ಮಾತೂ ಖರೇ ಐತ್ರಿ. ಒದರಿದ್ರ ಕೇಳವಲ್ದು, ಹೊಳಿ ಸದ್ದು ಅಷ್ಟು ಐತಿ."

ಗ್ಯಾಂಗಿನ ಮೇಸ್ತ್ರಿ ಒಬ್ಬ ಹೆಂಗಸು, ಅವರ ಹತ್ತಿರ ಫೋನ್ ಇದೆ ಎಂದರು. ಅಗ್ನಿಶಾಮಕದವರ ದೋಣಿ ಕಂಪ್ಲಿಯ ಸೇತುವೆಯ ಹತ್ತಿರ ಇತ್ತು, ಬರಲು ಹೊತ್ತಾಗುತ್ತಿತ್ತು.

ನಾನು ಮೂಲೆಯ ಪೆಟ್ಟಿಗೆಯ ಕಡೆ ನೋಡಿದೆ. ಅದು ಉಪಗ್ರಹದ ಸಮಯ ಕೇಳುವುದಿಲ್ಲ. ಹೊಸಪೇಟೆಯಿಂದ ಬರುವ ತಂತಿಯ ಮೇಲೆಯೇ ಗಡಿಯಾರವೂ ಬರುತ್ತದೆ. ಆಂಟೆನಾ ಮೇಲಿತ್ತು. ಕೇಬಲ್ ಇತ್ತು. ನಿಯಂತ್ರಣ ಯಂತ್ರ ಸಂಡೂರಿನ ಗುಡ್ಡಗಳ ಸಲುವಾಗಿ ಜೀವಂತವಿತ್ತು. ಬೇಕಾದದ್ದೆಲ್ಲ ಇತ್ತು, ಅನುಮತಿ ಒಂದನ್ನು ಬಿಟ್ಟು.

ನಮ್ಮ ಮೊಬೈಲ್‌ಗಳೂ ಅದೇ ಟವರ್‌ನವು, ಸತ್ತಿದ್ದವು. ಎಕ್ಸ್‌ಚೇಂಜಿನ ಲ್ಯಾಂಡ್‌ಲೈನ್ ಮಾತ್ರ ಕೆಲಸ ಮಾಡುತ್ತಿತ್ತು. ಬಳ್ಳಾರಿಯ ನಮ್ಮ ಮೇಲಧಿಕಾರಿಗೆ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ.

"ಆಂಟೆನಾ ಹೊಂಟೈತಿ. ಜಲ್ದಿ ಕಳಿಸ್ತೀನಿ ಅಂತ ಹೇಳೀನಿ."

"ಬರೂತನಕ ನೀರು ನಿಲ್ಲಂಗಿಲ್ಲ ಸರ್. ಹಳೇದನ್ನ ಹಚ್ಚಲೇನು?"

"ನನ್ನ ಕೇಳಬ್ಯಾಡ್ರಿ. ಕೇಳಿದ್ರ ನಾ ಬ್ಯಾಡ ಅನ್ನಬೇಕಾಗ್ತದ."

ಫೋನ್ ಇಟ್ಟೆ. ಆ ಮಾತಿನ ಬಗ್ಗೆ ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಆ ಹೊತ್ತಿನಲ್ಲಿ ಯೋಚಿಸಿದ್ದು ಒಂದನ್ನೇ. ಆ ಪೆಟ್ಟಿಗೆಯಿಂದ ದೇಶಕ್ಕೆ ಅಪಾಯವಿದ್ದರೆ ಅದು ನಿನ್ನೆಯೂ ಇತ್ತು, ಹಿಂದಿನ ಅಷ್ಟು ವರ್ಷವೂ ಇತ್ತು, ಸಂಡೂರಿನ ಗುಡ್ಡದ ಮೇಲೆ ಈಗಲೂ ಇದೆ. ಒಂದು ಮಧ್ಯಾಹ್ನಕ್ಕೆ ಅದು ಎಷ್ಟು ಹೆಚ್ಚಾದೀತು? ಇದು ಸರಿಯಾದ ವಾದ ಅಲ್ಲದಿರಬಹುದು. ಆದೇಶಗಳನ್ನು ಪ್ರತಿಯೊಬ್ಬ ಎಂಜಿನಿಯರ್ ಹೀಗೆ ತೂಗಿ ನೋಡುತ್ತ ಹೋದರೆ ಯಾವ ಜಾಲವೂ ಉಳಿಯುವುದಿಲ್ಲ ಎಂದು ನನಗೂ ಗೊತ್ತು. ಆದರೂ "ಸೀಲ್ ಕತ್ತರಸ್ರಿ" ಎಂದೆ.

ತಂತ್ರಜ್ಞರು ನನ್ನ ಮುಖ ನೋಡಿದರು. "ನೀವ ಕತ್ತರಸ್ರಿ ಮೇಡಂ. ಉಳಿದದ್ದು ನಾ ಮಾಡ್ತೀನಿ."

ಅವರು ಹೇಳಿದ್ದು ನ್ಯಾಯವಾಗಿತ್ತು. ನಾನೇ ಕತ್ತರಿಸಿದೆ. ಅವರು ಪೆಟ್ಟಿಗೆಯನ್ನು ಗೋಡೆಯಿಂದ ಎಳೆದು, ಬ್ಯಾಟರಿಯ ತಂತಿಗಳನ್ನು ಕೂಡಿಸಿದರು. ಅರ್ಥಿಂಗ್ ಬಿಗಿದು, ಮೇಲಿನಿಂದ ಇಳಿದ ದಪ್ಪ ಕೇಬಲ್‌ಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿದರು. ನಾನು ಹೊಸಪೇಟೆಯ ತಂತಿಯ ಜೋಡಿಯನ್ನು ಹುಡುಕಿ ಹಚ್ಚಿದೆ. ಗ್ರಾಮ ಆಡಳಿತಾಧಿಕಾರಿಗೆ ಲ್ಯಾಂಡ್‌ಲೈನಿನ ಮುಂದೆ ಕೂಡಲು ಹೇಳಿ, ಮೇಸ್ತ್ರಿಯ ನಂಬರಿಗೆ ಬಿಡದೆ ಹಚ್ಚುತ್ತಿರಲು ಹೇಳಿದೆ. ಅದಕ್ಕೂ ಮೊದಲು ಆ ಫೋನಿನಲ್ಲಿ ನನಗೆ ಇನ್ನೊಂದು ಕೆಲಸವಿತ್ತು.

ಕಂಟ್ರೋಲ್ ರೂಮಿನಲ್ಲಿ ಆ ದಿನ ಇದ್ದವಳು ಹೊಸದಾಗಿ ಸೇರಿದ ಎಂಜಿನಿಯರ್. ಈ ಟವರ್‌ನ ಹಳೆಯ ಯಂತ್ರಕ್ಕೆ ನಿಯಂತ್ರಣ ಯಂತ್ರದಲ್ಲಿ ಬೀಗ ಹಾಕಿದ್ದೆವು. ಅದನ್ನು ತೆಗೆಯಬೇಕಿತ್ತು.

"ಮೇಡಂ, ಆರ್ಡರ್ ಐತೇನ್ರಿ?"

"ಇಲ್ಲವ್ವಾ."

"ನನ್ನ ಲಾಗಿನ್‌ನಿಂದ ತೆಗೆದ್ರ ನನ್ನ ಹೆಸರು ಬರ್ತದ್ರಿ. ನಂದಿನ್ನೂ ಪ್ರೊಬೇಷನ್ ಮುಗಿದಿಲ್ಲ."

ನನ್ನ ಲಾಗಿನ್ನಿನಿಂದ ಒಳಗೆ ಹೋಗು ಎಂದು ಹೇಳಿ, ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಓದಿದೆ. ಪಕ್ಕದಲ್ಲಿ ಇಬ್ಬರು ಕೇಳಿಸಿಕೊಳ್ಳುತ್ತಿದ್ದರು. ಆಕೆ ಬೀಗ ತೆಗೆದಳು.

ಪೆಟ್ಟಿಗೆಗೆ ವಿದ್ಯುತ್ ಕೊಟ್ಟೆವು. ಫ್ಯಾನುಗಳು ತಿರುಗಿದವು, ಹಸಿರು ದೀಪಗಳು ಒಂದೊಂದಾಗಿ ಬಂದವು. ಆಮೇಲೆ ಒಂದು ಕಾರ್ಡಿನ ಮೇಲೆ ಕೆಂಪು ದೀಪ ಹತ್ತಿ ಹಾಗೆಯೇ ನಿಂತಿತು. ಪ್ರಸಾರದ ಕಾರ್ಡುಗಳು ಮೂರು ದಿಕ್ಕಿಗೆ ಮೂರು. ಕೆಟ್ಟಿದ್ದು ಹೊಳೆಯ ಕಡೆಯದು. ಬಂದ್ ಆಗಿ ಮೂಲೆಯಲ್ಲಿ ಕೂತಿದ್ದಾಗ ಗೋಡೆಯ ತೇವ ಹತ್ತಿರಬೇಕು. ಊರಿನ ಕಡೆಯ ಎರಡೂ ಚೆನ್ನಾಗಿದ್ದವು.

"ಅವರಿಗೆ ಒಂದು ಫೋನ್ ಹಚ್ಚಿ ಕೇಳಬಹುದಿತ್ತಲ್ರಿ" ಎಂದರು ತಂತ್ರಜ್ಞರು. ಆ ವಿದೇಶಿ ಎಂಜಿನಿಯರ್‌ನ ಬಗ್ಗೆ. ಲ್ಯಾಂಡ್‌ಲೈನಿನಿಂದ ಹೊರದೇಶಕ್ಕೆ ಕರೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದರೆ ಹಚ್ಚುತ್ತಿದ್ದೆನೇನೋ. ಸುಮ್ಮನೆ ಒಂದು ಗಳಿಗೆ ಆ ಕೆಂಪು ದೀಪ ನೋಡುತ್ತ ನಿಂತೆ. ಅವನು ಇದ್ದಿದ್ದರೆ ಏನು ಮಾಡುತ್ತಿದ್ದ? ಮೊದಲು ಎಲ್ಲವನ್ನೂ ಕಿತ್ತು ಹೊರಗಿಡುತ್ತಿದ್ದ.

ನಾನೂ ಹಾಗೆಯೇ ಮಾಡಿದೆ. ವಿದ್ಯುತ್ ಬಂದ್ ಮಾಡಿ ಮೂರೂ ಕಾರ್ಡು ಕಿತ್ತು ಬೆಂಚಿನ ಮೇಲಿಟ್ಟೆ. ಊರಿನ ಕಡೆಯ ಒಂದು ಒಳ್ಳೆಯ ಕಾರ್ಡನ್ನು ಹೊಳೆಯ ಕಡೆಯ ಜಾಗಕ್ಕೆ ತಳ್ಳಿದೆ. ಉಳಿದ ಎರಡು ಜಾಗ ಖಾಲಿ. ಊರಿಗೆ ಸಿಗ್ನಲ್ ಬೇಡ, ಕಂಪ್ಲಿ ರಸ್ತೆಗೆ ಬೇಡ, ಹೊಳೆಗೊಂದು ಸಿಕ್ಕರೆ ಸಾಕು. ಮತ್ತೆ ವಿದ್ಯುತ್ ಕೊಟ್ಟೆವು. ಪೆಟ್ಟಿಗೆ ಹೊಸಪೇಟೆಯಿಂದ ತನ್ನ ತಂತ್ರಾಂಶವನ್ನು ನಿಧಾನವಾಗಿ ಇಳಿಸಿಕೊಳ್ಳತೊಡಗಿತು. ಬಾಗಿಲಾಚೆ ಹೊಳೆಯ ಸದ್ದು ಲಾರಿಗಳು ಸಾಲಾಗಿ ಹೋಗುತ್ತಿರುವಂತೆ ಕೇಳುತ್ತಿತ್ತು.

ಹಸಿರು ದೀಪ ಬಂತು. ಗ್ರಾಮ ಆಡಳಿತಾಧಿಕಾರಿ ನಂಬರ್ ಒತ್ತಿದರು. "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂಬ ಅದೇ ಹೆಣ್ಣುದನಿ. ಮತ್ತೆ ಒತ್ತಿದರು. ಅದೇ. ಫೋನುಗಳು ಟವರ್ ಅನ್ನು ಹುಡುಕಿಕೊಳ್ಳಲು ಸ್ವಲ್ಪ ಹೊತ್ತು ಬೇಕು ಎಂದು ನನಗೆ ಗೊತ್ತಿತ್ತು. ಒತ್ತುತ್ತಿರಿ ಎಂದೆ. ಇನ್ನೊಂದು ಸಲ ಒತ್ತಿದಾಗ ಗಂಟೆ ಬಡಿಯಿತು.

"ಯವ್ವಾ, ಎಲ್ಲಿ ಅದೀರಿ?" ಎಂದು ಅವರು ಕಿರುಚಿದರು. "ಗೊನಿ ಅಲ್ಲೇ ಬಿಡ್ರಿ! ಎಲ್ಲಾರ್ನೂ ಕರಕೊಂಡು ಮ್ಯಾಲಿನ ಬಂಡೆ ಹತ್ರ ಬರ್ರಿ. ಕೆಳಗ ಹೋಗಬ್ಯಾಡ್ರಿ, ಕೆಳಗ ದಂಡಿ ಇಲ್ಲ. ಹ್ಞೂಂ, ಈಗ, ಈಗಿಂದೀಗ!"

ಆ ಕಡೆಯಿಂದ ಒಂದು ಹೆಂಗಸಿನ ದನಿ, ಆಮೇಲೆ ಹಲವು ದನಿ. ನನಗೆ ಮಾತು ತಿಳಿಯಲಿಲ್ಲ. ಅಧಿಕಾರಿ ಫೋನ್ ಇಟ್ಟು ಹೊಳೆಯ ಕಡೆ ಓಡಿದರು. ತಂತ್ರಜ್ಞರೂ ಅವರ ಹಿಂದೆ ಹೋದರು. ನಾನು ಹೋಗಲಿಲ್ಲ. ಆ ಒಂದೇ ಕಾರ್ಡು ಬಿಸಿಯಾಗುತ್ತಿತ್ತು, ಬಾಗಿಲು ತೆರೆದಿಟ್ಟು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ಪಕ್ಕದಲ್ಲೇ ಕೂತೆ. ಮತ್ತೊಮ್ಮೆ ಮಾತಾಡಬೇಕಾದರೆ ಅದು ಇರಬೇಕಿತ್ತು.

ಮತ್ತೊಮ್ಮೆ ಮಾತಾಡಬೇಕಾಯಿತು. ಹೆಂಗಸರು ಬಂಡೆಯ ಹತ್ತಿರ ಬಂದಾಗ ಒಬ್ಬಳು ಕಡಿಮೆ ಇದ್ದಳಂತೆ. ತೋಟದ ಆ ತುದಿಯಲ್ಲಿ ಪಂಪಿನ ಹತ್ತಿರ ಇದ್ದವಳು. ಆಕೆಯ ಬಳಿಯೂ ಫೋನಿತ್ತು. ಮೇಸ್ತ್ರಿ ತನ್ನ ಫೋನಿನಿಂದಲೇ ಆಕೆಗೆ ಹಚ್ಚಿ ಕರೆಸಿಕೊಂಡರು. ಹರಗೋಲಿನವನು ಎರಡು ಸಲ ಹೋಗಿ ಬಂದ. ಎರಡನೆಯ ಸಲ ಬರುವಾಗ ಸೆಳೆತಕ್ಕೆ ಬಹಳ ಕೆಳಗೆ ಜಾರಿ, ಬಂಡೆಸಂದಿಯಲ್ಲಿ ಸಿಕ್ಕಿ, ಹಗ್ಗ ಎಸೆದು ಎಳೆದುಕೊಳ್ಳಬೇಕಾಯಿತು ಎಂದು ತಂತ್ರಜ್ಞರು ಹೇಳಿದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಕಡಿದ ಗೊನೆ, ಪಂಪು, ಪೈಪು ಎಲ್ಲ ಹೊಳೆಗೆ ಹೋದವು. ಸಂಜೆಯ ಹೊತ್ತಿಗೆ ಗಡ್ಡೆಯ ಮೇಲೆ ಬಾಳೆಯ ಸುಳಿಗಳು ಮಾತ್ರ ಕಾಣುತ್ತಿದ್ದವು.

ಬಳ್ಳಾರಿಯಿಂದ ಆಂಟೆನಾ ಬಂತು. ಹಾಕಿದೆವು, ಹೊಸ ಯಂತ್ರ ಎದ್ದಿತು. ಹಳೆಯದನ್ನು ಬಂದ್ ಮಾಡಿ, ತಂತಿ ಬಿಚ್ಚಿ, ಹೊಸಪೇಟೆಗೆ ಬಂದು ನಡೆದದ್ದನ್ನೆಲ್ಲ ಬರೆದು ಮೇಲಕ್ಕೆ ಕಳಿಸಿದೆ. ಪಾಸ್‌ವರ್ಡಿನ ವಿಷಯವನ್ನೂ ಬಿಡಲಿಲ್ಲ.

ವಿಚಾರಣೆಗೆ ದೆಹಲಿಯಿಂದ ಒಬ್ಬ ಅಧಿಕಾರಿ ಬಂದರು. ಅದಕ್ಕೆ ಮೊದಲು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಚಿಕ್ಕ ಸುದ್ದಿ ಬಂದಿತ್ತು: ಸರ್ಕಾರಿ ದೂರಸಂಪರ್ಕ ಕಂಪನಿ ನಿಷೇಧಿತ ವಿದೇಶಿ ಯಂತ್ರವನ್ನು ಪಾರಂಪರಿಕ ತಾಣದ ಹತ್ತಿರ ಗುಟ್ಟಾಗಿ ನಡೆಸುತ್ತಿದೆ ಎಂದು. ಹೊಳೆಯ ಮಾತು ಅದರಲ್ಲಿ ಇರಲಿಲ್ಲ. ಅಧಿಕಾರಿ ಸೌಜನ್ಯದ ಮನುಷ್ಯ. ಪೆಟ್ಟಿಗೆ ಎಷ್ಟು ಹೊತ್ತು ನಡೆಯಿತು, ಆ ಹೊತ್ತಿನಲ್ಲಿ ಹೊರಗಿನ ಯಾವ ವಿಳಾಸಕ್ಕಾದರೂ ಏನಾದರೂ ಹೋಯಿತೇ ಎಂದು ಜಾಲದ ದಾಖಲೆಗಳನ್ನು ದಿನಗಟ್ಟಲೆ ಜಾಲಾಡಿದರು. ಏನೂ ಹೋಗಿರಲಿಲ್ಲ. ಆ ವಿದೇಶಿ ಎಂಜಿನಿಯರ್‌ನನ್ನು ಸಂಪರ್ಕಿಸಿದ್ದಿರಾ ಎಂದು ಕೇಳಿದರು. ಇಲ್ಲ ಎಂದೆ. ಆ ಫೋನಿನಿಂದ ಸಾಧ್ಯವಿರಲಿಲ್ಲ, ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ ಎಂದೂ ಹೇಳಿದೆ. ಅವರು ಪೆನ್ನು ಎತ್ತಿ ಹಿಡಿದು, "ಎರಡನೆಯ ವಾಕ್ಯ ಬರೆದುಕೊಳ್ಳಬೇಕೆ?" ಎಂದರು. ನಿಮ್ಮ ಇಷ್ಟ ಎಂದೆ. ಬರೆದುಕೊಳ್ಳಲಿಲ್ಲ.

ನಮ್ಮ ಮೇಲಧಿಕಾರಿ ತಮ್ಮನ್ನು ಯಾರೂ ಅನುಮತಿ ಕೇಳಿರಲಿಲ್ಲ ಎಂದು ಹೇಳಿಕೆ ಕೊಟ್ಟರು. ನಾನು ಕೇಳಿದ್ದೆ. ಅವರು ಕೇಳಬೇಡಿ ಎಂದಿದ್ದರು. ಎರಡರ ನಡುವೆ ಎಷ್ಟು ಅಂತರ ಎಂದು ವಾದಿಸಲು ನಾನು ಹೋಗಲಿಲ್ಲ. ಆ ಬೆಳಿಗ್ಗೆ ಅವರು ಬೇಡ ಎಂದಿದ್ದರೆ ನನ್ನ ಕೈ ತಡೆಯುತ್ತಿತ್ತೋ ಏನೋ.

ಕೊನೆಗೆ ಬಂದ ತೀರ್ಮಾನದಲ್ಲಿ ಯಂತ್ರವನ್ನು ಹಚ್ಚಿದ್ದನ್ನು ಪರಿಸ್ಥಿತಿಯ ಒತ್ತಡ ಎಂದು ಮನ್ನಿಸಿ, ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಛೀಮಾರಿ ಹಾಕಿದ್ದರು. ನನಗೆ ಸಿಗಬೇಕಿದ್ದ ಬಡ್ತಿ ಮುಂದಕ್ಕೆ ಹೋಯಿತು. ಟವರ್‌ಗಳ ಕೆಲಸದಿಂದ ತೆಗೆದು ಹೊಸಪೇಟೆಯ ಗ್ರಾಹಕ ಸೇವಾ ಕೇಂದ್ರಕ್ಕೆ ಹಾಕಿದರು. ಕಂಟ್ರೋಲ್ ರೂಮಿನ ಹುಡುಗಿಗೆ ಏನೂ ಆಗಲಿಲ್ಲ. ಅವಳ ಪ್ರೊಬೇಷನ್ ಮುಗಿದ ದಿನ ಪೇಡೆ ತಂದುಕೊಟ್ಟಳು.

ಸೇವಾ ಕೇಂದ್ರದಲ್ಲಿ ಕೂತ ಮರು ಬೇಸಿಗೆಯಲ್ಲಿ ಒಬ್ಬ ಹೆಂಗಸು ಬಂದರು. ನಡುವಯಸ್ಸು, ಬಾಳೆಯ ಕಲೆ ಬಿಡದ ಕೈ, ಗುಂಡಿಯ ಫೋನು. ನಂಬರ್ ಹೇಳಿದಾಗ ಗಣಕದಲ್ಲಿ ಊರಿನ ಹೆಸರು ಬಂತು. ಆ ದಿನ ಗ್ರಾಮ ಆಡಳಿತಾಧಿಕಾರಿ ಮೇಲಿಂದ ಮೇಲೆ ಒತ್ತುತ್ತಿದ್ದ ಮೇಸ್ತ್ರಿಯ ನಂಬರ್ ಅದು. ನನಗೆ ಬಾಯಿಪಾಠವಾಗಿಬಿಟ್ಟಿತ್ತು.

"ನಂಬರ್ ಇದ ಇರಲ್ರಿ, ಕಂಪನಿ ಒಂದು ಬ್ಯಾರೆ ಮಾಡಿಕೊಡ್ರಿ."

"ಇಲ್ಲಿ ಮಾಡಂಗಿಲ್ರಿ ಅಕ್ಕಾರ, ಬೇರೆ ಕಂಪನಿ ಅಂಗಡ್ಯಾಗ ಮಾಡ್ತಾರ. ಇಲ್ಲಿಂದ ಒಂದು ಕೋಡ್ ಬೇಕು, ಅಷ್ಟ. ಯಾಕ್ರಿ, ನಮ್ಮದು ಬರಂಗಿಲ್ಲೇನು?"

"ಬರ್ತದ್ರಿ. ಹೊಳಿ ಈ ಕಡಿ ಈಗ ಅವರದೂ ಟವರ್ ಹಾಕ್ಯಾರ. ನಮ್ಮ ಗ್ಯಾಂಗಿನಾಕಿ ಒಬ್ಬಾಕಿ ನಿಮ್ಮದ ಇಟ್ಕೊಂಡಾಳ. ನಾ ಅವರದು ತಗೋತೀನಿ. ಒಂದು ಹೋದ್ರ ಇನ್ನೊಂದು ಇರಬೇಕಲ್ರಿ." ಆಮೇಲೆ ಸ್ವಲ್ಪ ಸಂಕೋಚದಿಂದ, "ಸಿಟ್ಟು ಮಾಡಬ್ಯಾಡ್ರಿ ಮತ್ತ" ಎಂದರು.

"ಸಿಟ್ಟು ಯಾಕ್ರಿ? ಫೋನ್ ಕೊಡ್ರಿ ಇಲ್ಲಿ."

ಅವರ ಫೋನಿನಿಂದ ನಾನೇ ಸಂದೇಶ ಕಳಿಸಿದೆ. ಕೋಡ್ ಬಂತು. ಒಂದು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಬಸ್ ಸ್ಟ್ಯಾಂಡಿನ ಎದುರು ಯಾವ ಅಂಗಡಿಗೆ ಹೋಗಬೇಕು ಎಂದು ಹೇಳಿದೆ.